ಭಾವಚಿತ್ರಣದಲ್ಲಿ ಸ್ಟುಡಿಯೊ ಬೆಳಕು: ಪ್ರಥಮಾಭ್ಯಾಸ

ಸೂರ್ಯಪ್ರಕಾಶವನ್ನಾಗಲಿ ವಿದ್ಯುದ್ದೀಪಗಳನ್ನಾಗಲಿ ಛಾಯಾಗ್ರಾಹಕನು ನಾಲ್ಕು ಗೋಡೆಗಳ ನಡುವೆ ತನ್ನ ವಶಕ್ಕೆ ತಂದುಕೊಂಡು, ಅದರ ದಿಕ್ಕು, ದೂರ, ವಿಸ್ತಾರ, ಪ್ರಮಾಣಗಳನ್ನು ಇಚ್ಛಾನುಸಾರವಾಗಿ ನಿಯಮಿಸಿ, ಎದುರು ಕುಳಿತವರ ಮುಖವನ್ನು ಚಿತ್ರವಾಗಿಸುವ ವಿದ್ಯೆಯು ಸ್ಟುಡಿಯೊ ಬೆಳಕಿನ ವಿನ್ಯಾಸವೆನಿಸುವುದು. ಛಾಯಾಚಿತ್ರಕಲೆಯ ಮಿಕ್ಕ ಶಾಖೆಗಳಲ್ಲಿ ಬೆಳಕು ಒದಗಿಬಂದದ್ದು. ಬಂದಂತೆ ಸ್ವೀಕರಿಸಬೇಕು, ಇಲ್ಲವೆ ಬರುವವರೆಗೆ ಕಾಯಬೇಕು. ಸ್ಟುಡಿಯೊದಲ್ಲಾದರೋ ಬಾಗಿಲು ಮುಚ್ಚಿದ ಕೋಣೆ ಮೊದಲಿಗೆ ಕತ್ತಲೆಯಾಗಿದ್ದು, ಅದರೊಳಕ್ಕೆ ಬಂದ ಪ್ರತಿಯೊಂದು ಕಿರಣಕ್ಕೂ ಅದನ್ನು ಬರಮಾಡಿಕೊಂಡವನೇ ಹೊಣೆಯಾಗುತ್ತಾನೆ. ಯೂರೋಪಿನ ಭಾಷೆಗಳಲ್ಲಿ ಈ ಕಲೆಗಿರುವ ಹೆಸರಿನ ಗ್ರೀಕ್ ಮೂಲಕ್ಕೆ ಬೆಳಕಿನ ಬರಹವೆಂದು ಅರ್ಥ. ನಮ್ಮಲ್ಲಿ ನೆಲೆನಿಂತ ಛಾಯಾಗ್ರಹಣವೆಂಬ ಶಬ್ದವೋ ನೆರಳನ್ನು ಹಿಡಿಯುವುದೆಂದು ಹೇಳುತ್ತದೆ. ಛಾಯೆ ಎಂಬುದಕ್ಕೆ ಸಂಸ್ಕೃತದಲ್ಲಿ ನೆರಳು, ಪ್ರತಿಬಿಂಬ, ಕಾಂತಿ ಎಂಬ ಮೂರು ಅರ್ಥಗಳೂ ಉಂಟಾದರೂ, ದೀಪವಿಟ್ಟು ಮುಖವನ್ನು ತೆಗೆಯಲು ಕಲಿಯಹೊರಟ ಅಭ್ಯಾಸಿಗೆ ಮೊದಲನೆಯ ಅರ್ಥವೇ ಹೆಚ್ಚು ಉಪಯೋಗಕ್ಕೆ ಬರುವಂಥದು. ಬೆಳಕನ್ನು ಎಲ್ಲಿ ಬೀಳಿಸಬೇಕೆಂದು ಚಿಂತಿಸುವವನು ಬಹುಕಾಲ ತಡಕಾಡುತ್ತಾನೆ. ನೆರಳು ಎಲ್ಲಿ ಬೀಳಬೇಕೆಂದು ನಿಶ್ಚಯಿಸಿಕೊಂಡವನಿಗೆ ದೀಪದ ಸ್ಥಾನವು ತಾನಾಗಿ ಗೊತ್ತಾಗುತ್ತದೆ.

ಗರ್ಭಗುಡಿಯ ಮುಂದೆ ಮಂಗಳಾರತಿಗೆ ನಿಂತವರೆಲ್ಲರೂ ಈ ವಿದ್ಯೆಯ ಪ್ರಥಮ ಪಾಠವನ್ನು ಅರಿವಿಲ್ಲದೆಯೇ ನೋಡಿರುತ್ತಾರೆ. ಅರ್ಚಕರು ಆರತಿಯನ್ನು ಪಾದದ ಬಳಿ ಹಿಡಿದಾಗ ಮೂರ್ತಿಯ ಗಲ್ಲದ ಅಡಿಭಾಗವೂ ಮೂಗಿನ ಹೊಳ್ಳೆಗಳೂ ಹುಬ್ಬಿನ ಕೆಳಗಣ ಗುಳಿಗಳೂ ಬೆಳಗಿ ಹಣೆಯು ಕತ್ತಲೆಗೆ ಸರಿಯುವುದು; ತಟ್ಟೆಯು ಬಲಕ್ಕೆ ಏರಿದಂತೆ ಮೂಗಿನ ನೆರಳು ಎಡಗೆನ್ನೆಯ ಮೇಲೆ ಹಾಯ್ದು, ಅದುವರೆಗೆ ಉಗ್ರವಾಗಿದ್ದ ಮುಖವು ಗಂಭೀರವಾಗುವುದು; ಆರತಿಯು ಮುಖದ ನೇರಕ್ಕೆ ಬಂದ ಕ್ಷಣ ನೆರಳುಗಳೆಲ್ಲ ಹಿಂದಕ್ಕೆ ಅಡಗಿ, ಕಲ್ಲಿನಲ್ಲಿ ಕಡೆದ ಮುಖವು ತಗಡಿನಲ್ಲಿ ಬಡಿದಂತೆ ಚಪ್ಪಟೆಯಾಗುವುದು. ಶಿಲೆಯು ಅದೇ, ದೀಪವೂ ಒಂದೇ. ಬದಲಾದದ್ದು ದೀಪವಿರುವ ಸ್ಥಳ ಮಾತ್ರ. ಹಿಂದಿನ ಕಾಲದ ಯಕ್ಷಗಾನ ಬಯಲಾಟಗಳಲ್ಲಿ ಬಣ್ಣದ ವೇಷಗಳು ದೊಂದಿಯ ಬೆಳಕಿನಲ್ಲಿ ಪಡೆಯುತ್ತಿದ್ದ ರೌದ್ರವು ಇಂದಿನ ವಿದ್ಯುದ್ದೀಪಗಳ ಕೆಳಗೆ ಸೊರಗಿತೆಂದು ಹಳಬರು ಕೊರಗುವುದೂ ಈ ಕಾರಣದಿಂದಲೇ.

ಚರಿತ್ರೆಯನ್ನು ನೋಡಿದರೆ ಸ್ಟುಡಿಯೊ ಬೆಳಕಿನ ಕಥೆಯು ಬೆಳಕಿನ ದಾರಿದ್ರ್ಯದಿಂದ ಆರಂಭವಾಗುತ್ತದೆ. 1839ರ ಆಗಸ್ಟ್ ತಿಂಗಳಿನಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ವಿಧಾನವು ಪ್ರಕಟವಾದಾಗ ಒಂದು ಚಿತ್ರಕ್ಕೆ ಹಲವು ನಿಮಿಷಗಳ ಕಾಲ ಫಲಕವನ್ನು ಬೆಳಕಿಗೆ ಒಡ್ಡಬೇಕಾಗಿತ್ತಾದ್ದರಿಂದ, ಜೀವಂತ ಮನುಷ್ಯರ ಚಿತ್ರಣವು ಬಹುಮಟ್ಟಿಗೆ ಅಸಾಧ್ಯವೇ ಆಗಿದ್ದಿತು. ಮರುವರ್ಷ ಯೋಸೆಫ್ ಪೆಟ್ಸ್ವಾಲನು ಗಣಿತಪೂರ್ವಕವಾಗಿ ರೂಪಿಸಿದ ಭಾವಚಿತ್ರದ ಲೆನ್ಸು, ಅಂದಿನ ಸಾಮಾನ್ಯ ಲೆನ್ಸುಗಳಿಗಿಂತ ಅನೇಕ ಪಟ್ಟು ಹೆಚ್ಚಿನ ಬೆಳಕನ್ನು ಒಳಕ್ಕೆ ಬಿಡುವಂಥದಾಗಿ, ಈ ಅವಧಿಯನ್ನು ಗಣನೀಯವಾಗಿ ತಗ್ಗಿಸಿತು. ಆದರೂ ಕುಳಿತವರ ತಲೆಯು ಅಲುಗದಂತೆ ಕುತ್ತಿಗೆಯ ಹಿಂದೆ ಕಬ್ಬಿಣದ ಕವಲನ್ನು ಆನಿಸಿ ನಿಲ್ಲಿಸುವ ಪದ್ಧತಿ ಬಹುಕಾಲ ಉಳಿಯಿತು. ಆ ಶತಮಾನದ ಭಾವಚಿತ್ರಗಳಲ್ಲಿ ಬಹುಮಟ್ಟಿಗೆ ಯಾರೂ ನಗದಿರುವುದಕ್ಕೆ ಘನತೆಯ ಕಲ್ಪನೆ ಎಷ್ಟು ಕಾರಣವೋ ಈ ಕವಲೂ ಅಷ್ಟೇ ಕಾರಣವೆನ್ನಬಹುದು. ಸ್ಟುಡಿಯೊಗಳನ್ನು ಮನೆಯ ಮೇಲಂತಸ್ತಿನಲ್ಲಿ ಗಾಜಿನ ಮಾಡು ಹೊದಿಸಿ ಕಟ್ಟುತ್ತಿದ್ದರು. ಉತ್ತರಾರ್ಧಗೋಳದಲ್ಲಿ ಬಡಗಣ ದಿಕ್ಕಿನ ಗಾಜಿನಿಂದ ಬಿಸಿಲು ನೇರವಾಗಿ ನುಗ್ಗದೆ ಆಕಾಶದ ತಿಳಿಬೆಳಕು ಮಾತ್ರ ದಿನವಿಡೀ ಸಮನಾಗಿ ಇಳಿಯುವುದರಿಂದ, ಚಿತ್ರಕಾರರಂತೆಯೇ ಛಾಯಾಗ್ರಾಹಕರೂ ಉತ್ತರದ ಕಿಟಕಿಯನ್ನೇ ಆಶ್ರಯಿಸಿದರು. ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬ ಮಹಿಳೆಯು ನಲವತ್ತೆಂಟರ ವಯಸ್ಸಿನಲ್ಲಿ, 1863ರಲ್ಲಿ, ಮಗಳು ಅಳಿಯ ಕೊಟ್ಟ ಕ್ಯಾಮೆರಾವನ್ನು ಹಿಡಿದು ಅಭ್ಯಾಸಕ್ಕೆ ತೊಡಗಿ, ಐಲ್ ಆಫ್ ವೈಟ್ ದ್ವೀಪದ ತನ್ನ ಮನೆಯ ಗಾಜುಹಾಕಿದ ಕೋಳಿಗೂಡನ್ನೇ ಸ್ಟುಡಿಯೊ ಮಾಡಿಕೊಂಡಳು. ತಡವಾಯಿತೆಂದಾಗಲಿ ಸಲಕರಣೆಯಿಲ್ಲವೆಂದಾಗಲಿ ಹಿಂಜರಿಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಕೃತಕ ಬೆಳಕು ಮೆಲ್ಲಮೆಲ್ಲನೆ ಬಂದಿತು. ಪ್ಯಾರಿಸ್ಸಿನ ನಾದಾರ್ ಎಂಬ ಛಾಯಾಗ್ರಾಹಕನು 1860ರ ದಶಕದ ಮೊದಲಿನಲ್ಲಿ ಬ್ಯಾಟರಿಗಳಿಂದ ಉರಿಯುವ ದೀಪಗಳೊಡನೆ ಆ ನಗರದ ನೆಲದಡಿಯ ಅಸ್ಥಿಶಾಲೆಗಳಿಗೆ ಇಳಿದಾಗ, ಅಷ್ಟು ಹೊತ್ತು ಅಲುಗದೆ ನಿಲ್ಲುವ ಕೆಲಸಗಾರರು ಸಿಗುವುದು ಅಸಾಧ್ಯವಾದ್ದರಿಂದ ಅವರ ಬದಲಿಗೆ ಬೊಂಬೆಗಳನ್ನು ನಿಲ್ಲಿಸಬೇಕಾಯಿತು. 1887ರಲ್ಲಿ ಜರ್ಮನಿಯ ಮೀಟೆ ಮತ್ತು ಗೇಡಿಕೆ ಎಂಬಿಬ್ಬರು ಮೆಗ್ನೀಸಿಯಮ್ ಪುಡಿಗೆ ಸ್ಫೋಟಕ ದ್ರವ್ಯಗಳನ್ನು ಬೆರೆಸಿ ಕ್ಷಣಮಾತ್ರದಲ್ಲಿ ಉರಿದುಹೋಗುವ ಬೆಳಕನ್ನು ಸಾಧಿಸಿದರು. ಹೊಗೆ, ವಾಸನೆ, ಸುಟ್ಟ ಹುಬ್ಬು ಇವೆಲ್ಲ ಆ ಬೆಳಕಿನ ಸಹಚರರು. ಅನಂತರ ಗಾಜಿನ ಬುರುಡೆಯೊಳಗೆ ಉರಿಯುವ ಫ್ಲ್ಯಾಷ್ ಬಲ್ಬೂ, 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ನನ ಪ್ರಯೋಗಗಳಿಂದ ಇಂದಿನ ವಿದ್ಯುತ್ ಫ್ಲ್ಯಾಷೂ ಬೆಳೆದು ಬಂದವು. ಆ ನಡುವೆ ಬೋಸ್ಟನ್ನಿನಲ್ಲಿ ಕಿಟಕಿಯ ಬೆಳಕನ್ನಲ್ಲದೆ ಬೇರೆಯದನ್ನು ಬಳಸದ ಜಾನ್ ಗಾರೋ ಎಂಬ ಗುರುವಿನ ಬಳಿ ಪಳಗಿದ ಯೂಸುಫ್ ಕಾರ್ಷ್, ಒಟ್ಟಾವಾ ನಗರದ ಹವ್ಯಾಸಿ ರಂಗಭೂಮಿಯಲ್ಲಿ ದೀಪಗಳು ನಟನ ಮುಖದ ಮೇಲೆ ಆಡುವ ಆಟವನ್ನು ಕಂಡು ಬೆರಗಾಗಿ, ಆ ವಿದ್ಯೆಯನ್ನು ಮೊದಲಿನಿಂದ ಕಲಿತನು. 1941ರ ಡಿಸೆಂಬರ್ 30ರಂದು ಕೆನಡಾ ಪಾರ್ಲಿಮೆಂಟಿನ ಒಂದು ಕೋಣೆಯಲ್ಲಿ ಚರ್ಚಿಲ್ಲನ ಬಾಯಿಂದ ಚುಟ್ಟವನ್ನು ಕಿತ್ತುಕೊಂಡು ಅವನು ತೆಗೆದ ಚಿತ್ರದ ಸಿಡುಕನ್ನು ಎಲ್ಲರೂ ವರ್ಣಿಸುತ್ತಾರೆ. ಹಿಂದಿನ ರಾತ್ರಿಯೇ ಅಲ್ಲಿ ದೀಪಗಳನ್ನು ಸಜ್ಜುಗೊಳಿಸಿ ಇಟ್ಟಿದ್ದನೆಂಬುದನ್ನು ನೆನೆಯುವವರು ಕಡಿಮೆ.

ಇನ್ನು ಬೆಳಕಿನ ಗುಣಗಳ ವಿಚಾರ. ದಿಕ್ಕಿನ ವಿಷಯವನ್ನು ಮಂಗಳಾರತಿಯೇ ಹೇಳಿತು. ಅಭ್ಯಾಸಿಗಳು ಬಹುವಾಗಿ ತಪ್ಪು ತಿಳಿಯುವುದು ಬೆಳಕಿನ ಮೃದುತ್ವ ಕಠಿನತೆಗಳ ವಿಷಯದಲ್ಲಿ. ಮಂದವಾದ ಬೆಳಕು ಮೃದು, ಪ್ರಖರವಾದದ್ದು ಕಠಿನ ಎಂಬುದು ಭ್ರಮೆ. ಮುಖದ ಕಡೆಯಿಂದ ನೋಡಿದಾಗ ದೀಪವು ಎಷ್ಟು ದೊಡ್ಡದಾಗಿ ಕಾಣುವುದೆಂಬುದೊಂದೇ ಇಲ್ಲಿ ಪ್ರಮಾಣ. ಸೂರ್ಯನ ವ್ಯಾಸವು ಸುಮಾರು 14 ಲಕ್ಷ ಕಿಲೋಮೀಟರು. ಆದರೂ 15 ಕೋಟಿ ಕಿಲೋಮೀಟರು ದೂರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಅವನು ಅರ್ಧ ಡಿಗ್ರಿಯಷ್ಟೇ ಅಗಲದ ಬಿಲ್ಲೆ. ಆದಕಾರಣ ಚೈತ್ರದ ಬಿಸಿಲಿನಲ್ಲಿ ನಿಂತವನ ಮೂಗಿನ ನೆರಳು ಕತ್ತರಿಸಿಟ್ಟಂತೆ ಬೀಳುತ್ತದೆ. ಅದೇ ಸೂರ್ಯನು ಆಷಾಢದ ಮೋಡದ ಹಿಂದೆ ಸರಿದಾಗ ಇಡೀ ಆಕಾಶವೇ ದೀಪವಾಗಿ ಪರಿಣಮಿಸಿ, ನೆರಳಿನ ಅಂಚು ಕರಗಿ, ಮಲೆನಾಡಿನ ಅಂಗಳದಲ್ಲಿ ನಿಂತ ಮುಖಗಳೆಲ್ಲವೂ ಮೆದುವಾಗುವುವು. ಸ್ಟುಡಿಯೊದ ಬಿಳಿಯ ಕೊಡೆ, ಸಾಫ್ಟ್‌ಬಾಕ್ಸ್ ಎಂದು ಕರೆಯುವ ಬಟ್ಟೆಯ ಪೆಟ್ಟಿಗೆ, ಚೌಕಟ್ಟಿಗೆ ಬಿಗಿದ ಬಟರ್ ಪೇಪರು, ಇವುಗಳ ಕಾರ್ಯವೆಲ್ಲ ಆ ಮೋಡದ ಕಾರ್ಯವೇ. ಮಸ್ಲಿನ್ ಬಟ್ಟೆಯನ್ನೋ ಹಳೆಯ ಬಿಳಿಯ ಪಂಚೆಯನ್ನೋ ದೀಪದ ಮುಂದೆ ಹಿಗ್ಗಿಸಿ ಕಟ್ಟಿದರೂ ಫಲವು ಅದೇ. ಬಟ್ಟೆ ಬಿಸಿದೀಪಕ್ಕೆ ತಾಗದಂತೆ ಮಾತ್ರ ಎಚ್ಚರ ಬೇಕು. ಎರಡಡಿ ಅಗಲದ ಪೆಟ್ಟಿಗೆಯು ಮುಖದಿಂದ ಎರಡಡಿ ದೂರದಲ್ಲಿದ್ದರೆ ಮೋಡ. ಅದನ್ನೇ ಕೋಣೆಯ ಆ ಮೂಲೆಗೆ ಒಯ್ದಿಟ್ಟರೆ ಬಹುಮಟ್ಟಿಗೆ ಸೂರ್ಯ. ಕೊಡೆಯನ್ನು ಕೊಂಡು ತಂದು, ಚಿತ್ರದ ಚೌಕಟ್ಟಿನೊಳಗೆ ಕಂಡೀತೆಂಬ ಅಂಜಿಕೆಯಿಂದ ಹತ್ತಡಿ ಹಿಂದಿಟ್ಟು, ಬೆಳಕು ಮೆದುವಾಗಲಿಲ್ಲವೆಂದು ಗೊಣಗುವವರು ಹಲವರು.

ದೂರಕ್ಕೆ ಸಂಬಂಧಿಸಿದ ನಿಯಮವೂ ಇದರ ಜೊತೆಗೇ ತಿಳಿಯತಕ್ಕದ್ದು. ದೀಪದ ದೂರವು ಇಮ್ಮಡಿಯಾದರೆ ಮುಖದ ಮೇಲೆ ಬೀಳುವ ಬೆಳಕು ಅರ್ಧವಾಗುವುದಿಲ್ಲ, ನಾಲ್ಕರಲ್ಲೊಂದು ಪಾಲಾಗುತ್ತದೆ, ಮುಮ್ಮಡಿಯಾದರೆ ಒಂಬತ್ತರಲ್ಲೊಂದು. ಪುಸ್ತಕದಲ್ಲಿ ಒಣಗಿದಂತೆ ತೋರುವ ಈ ಸೂತ್ರವು ಸ್ಟುಡಿಯೊದಲ್ಲಿ ಕುಂಚದಂತೆ ಕೆಲಸಮಾಡುವುದು. ದೀಪವು ಮುಖಕ್ಕೆ ಒಂದು ಮೀಟರು, ಹಿಂದಿನ ಗೋಡೆಗೆ ಮೂರು ಮೀಟರು ದೂರದಲ್ಲಿದ್ದರೆ ಗೋಡೆಗೆ ಸಿಗುವುದು ಮುಖದ ಬೆಳಕಿನ ಒಂಬತ್ತನೆಯ ಒಂದಂಶ ಮಾತ್ರವಾಗಿ, ಸುಣ್ಣ ಬಳಿದ ಗೋಡೆಯೂ ಬೂದುಗಪ್ಪಾಗಿ ಹಿಂದೆ ಸರಿದು ನಿಲ್ಲುತ್ತದೆ. ವ್ಯಕ್ತಿಯನ್ನೂ ಗೋಡೆಯನ್ನೂ ಕದಲಿಸದೆ ದೀಪವನ್ನು ಮಾತ್ರ ಎರಡು ಮೀಟರು ಹಿಂದೆಗೆದರೆ, ಮುಖಕ್ಕೆ ಮೂರು, ಗೋಡೆಗೆ ಐದು ಎಂಬ ಲೆಕ್ಕವಾಗಿ, ಗೋಡೆಯು ಮುಖದ ಬೆಳಕಿನ ಮೂರನೆಯ ಒಂದಂಶಕ್ಕಿಂತ ಹೆಚ್ಚನ್ನೇ ಪಡೆದು ತನ್ನ ಬಿಳುಪನ್ನು ಮರಳಿ ತೋರುವುದು. ಹೀಗೆ ಒಂದೇ ಗೋಡೆ, ಒಂದೇ ದೀಪಗಳಿಂದ ಬಣ್ಣಬಣ್ಣದ ಹಿನ್ನೆಲೆಗಳ ಖರ್ಚು ತಪ್ಪುತ್ತದೆ.

ಅಭ್ಯಾಸಕ್ಕೆ ಆರಂಭಿಸುವವರು ಒಂದೇ ದೀಪವನ್ನು ಇಟ್ಟುಕೊಳ್ಳತಕ್ಕದ್ದು. ಈ ವಿಷಯದಲ್ಲಿ ಅನುಭವಿಗಳಲ್ಲಿ ಭಿನ್ನಾಭಿಪ್ರಾಯ ಬಹಳವಿಲ್ಲ. ಎರಡನೆಯ ದೀಪವು ಮೊದಲನೆಯದರ ತಪ್ಪನ್ನು ಮುಚ್ಚುವುದಲ್ಲದೆ ತಿದ್ದುವುದಿಲ್ಲ. ಜೀವಂತ ಮನುಷ್ಯರನ್ನು ಕೂರಿಸಿ ಬೇಸರಪಡಿಸುವುದಕ್ಕೆ ಮೊದಲು, ಸುಲಿದು ಜುಟ್ಟು ಉಳಿಸಿದ ತೆಂಗಿನಕಾಯಿಯೊಂದನ್ನು ಕಣ್ಣಿನ ಮಟ್ಟದಲ್ಲಿ ಸ್ಟೂಲಿನ ಮೇಲಿಟ್ಟು, ಜುಟ್ಟು ಮೂಗಿನಂತೆ ಕ್ಯಾಮೆರಾದ ಕಡೆಗೆ ಚಾಚುವಂತೆ ತಿರುಗಿಸಿದರೆ ಸಾಕು. ಕೋಣೆಯನ್ನು ಕತ್ತಲೆಮಾಡಿ ಒಂದು ಎಲ್‌ಇಡಿ ದೀಪವನ್ನು ಕೈಯಲ್ಲಿ ಹಿಡಿದು ಸುತ್ತ ನಡೆದಂತೆ ಜುಟ್ಟಿನ ನೆರಳು ಗಡಿಯಾರದ ಮುಳ್ಳಿನಂತೆ ಕಾಯಿಯ ಮೇಲೆ ತಿರುಗುವುದು, ದೀಪವನ್ನು ಎತ್ತಿದಷ್ಟೂ ಕೆಳಕ್ಕೆ ನೀಳವಾಗುವುದು, ಹತ್ತಿರ ತಂದಷ್ಟೂ ಅದರ ಅಂಚು ಮಸುಕಾಗುವುದು, ಇವೆಲ್ಲ ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತವೆ. ಆ ಕಾಯಿ ಮರುದಿನ ಚಟ್ನಿಗೆ ಒದಗುವುದು ಹೆಚ್ಚಿನ ಲಾಭ.

ಕಾಯಿಯ ಸ್ಥಾನದಲ್ಲಿ ಮುಖವು ಬಂದಾಗ ಮೂಗಿನ ನೆರಳಿನ ಆಕಾರದಿಂದಲೇ ವಿನ್ಯಾಸಗಳಿಗೆ ಹೆಸರು ಬಂದಿರುವುದನ್ನು ಗಮನಿಸಬೇಕು. ದೀಪವು ಮುಖದ ನೇರ ಮುಂದೆ, ಎತ್ತರದಲ್ಲಿ ಇದ್ದರೆ ಮೂಗಿನ ಕೆಳಗೆ ರೆಕ್ಕೆ ಬಿಚ್ಚಿದ ಪಾತರಗಿತ್ತಿಯಂಥ ಪುಟ್ಟ ನೆರಳು ಬಿದ್ದು ಕೆನ್ನೆಯ ಎಲುಬುಗಳು ಎದ್ದು ತೋರುತ್ತವೆ. 1930ರ ದಶಕದಲ್ಲಿ ಮಾರ್ಲೀನ್ ಡೀಟ್ರಿಕ್ ಎಂಬ ನಟಿಯ ಮುಖಕ್ಕೆ ಹಾಲಿವುಡ್ಡಿನವರು ಇದನ್ನೇ ಬಳಸಿದ್ದರಿಂದ ಅವಳ ಚಿತ್ರಗಳನ್ನು ತಯಾರಿಸಿದ ಪ್ಯಾರಮೌಂಟ್ ಸಂಸ್ಥೆಯ ಹೆಸರೂ ಇದಕ್ಕೆ ಅಂಟಿಕೊಂಡಿತು. ದೀಪವನ್ನು ಒಂದಿಷ್ಟು ಪಕ್ಕಕ್ಕೆ ಒಯ್ದರೆ ನೆರಳು ತುಟಿಯ ಮೂಲೆಯತ್ತ ಕುಣಿಕೆಯಂತೆ ಬಾಗುವುದು. ಸಾಮಾನ್ಯವಾದ ಮುಖಗಳಿಗೆಲ್ಲ ಇದು ಕ್ಷೇಮಕರ. ಇನ್ನೂ ಪಕ್ಕಕ್ಕೆ, ಇನ್ನೂ ಮೇಲಕ್ಕೆ ಸರಿಸಿದಂತೆ ಮೂಗಿನ ನೆರಳೂ ಕೆನ್ನೆಯ ನೆರಳೂ ಒಂದನ್ನೊಂದು ಮುಟ್ಟಿ, ಕತ್ತಲೆಯ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಒಂದು ಸಣ್ಣ ತ್ರಿಕೋನದಷ್ಟು ಬೆಳಕು ಉಳಿಯುವುದು. ಇದು ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಿನದು. ಆ ಹೆಸರನ್ನು ದೀಪಗಳ ಲೋಕಕ್ಕೆ ತಂದವನು 1915ರ ಸುಮಾರಿನಲ್ಲಿ ಸೆಸಿಲ್ ಬಿ. ಡಿಮಿಲ್ ಎಂಬ ಚಲನಚಿತ್ರ ನಿರ್ದೇಶಕ. ತ್ರಿಕೋನವು ಕಣ್ಣಿಗಿಂತ ಅಗಲವಾಗಬಾರದು, ಮೂಗಿಗಿಂತ ಉದ್ದವಾಗಬಾರದು ಎಂದು ಪದ್ಧತಿ. ದೀಪವು ಪೂರ್ತಿ ಪಕ್ಕಕ್ಕೆ ಹೋದರೆ ಮುಖವು ಅರ್ಧನಾರೀಶ್ವರನಂತೆ ನಟ್ಟನಡುವೆ ಸೀಳಿಹೋಗುತ್ತದೆ; ನಾಟಕೀಯತೆಯ ಆಸೆಯಿಂದ ಹೊಸಬರು ಇದನ್ನು ಅತಿಯಾಗಿ ಪ್ರೀತಿಸುವರು. ಯಾವ ವಿನ್ಯಾಸವೇ ಆಗಲಿ, ಎರಡು ಕಣ್ಣುಗಳಲ್ಲಿಯೂ ದೀಪದ ಬಿಂಬವು ಚುಕ್ಕೆಯಾಗಿ ಮಿನುಗುತ್ತಿದೆಯೇ ಎಂದು ಕಡೆಯಲ್ಲಿ ನೋಡತಕ್ಕದ್ದು. ಆ ಚುಕ್ಕೆಯಿಲ್ಲದ ಕಣ್ಣು ಚಿತ್ರದಲ್ಲಿ ಬತ್ತಿದ ಬಾವಿಯಂತೆ ಕಾಣುವುದು. ಮುಖವನ್ನು ಓರೆಯಾಗಿ ತಿರುಗಿಸಿದಾಗ, ಕ್ಯಾಮೆರಾಕ್ಕೆ ಕಿರಿದಾಗಿ ಕಾಣುವ ಆಚೆಯ ಕೆನ್ನೆಗೆ ಬೆಳಕು ಕೊಟ್ಟರೆ ಮುಖವು ತೆಳ್ಳಗೂ, ಈಚೆಯ ಅಗಲವಾದ ಕೆನ್ನೆಗೆ ಕೊಟ್ಟರೆ ತುಂಬಿಕೊಂಡಂತೆಯೂ ತೋರುವುದು. ಒಣಗಿದ ಮುಖದವರಿಗೂ ದುಂಡುಮುಖದವರಿಗೂ ಒಂದೇ ಬಗೆಯಲ್ಲಿ ದೀಪವಿಡುವುದು ಅಂಗಿಯನ್ನು ಅಳತೆಯಿಲ್ಲದೆ ಹೊಲಿದಂತೆ.

ನೆರಳು ತೀರ ಕಪ್ಪಾಯಿತೆಂದು ತೋರಿದಾಗ ಅದನ್ನು ತಿಳಿಗೊಳಿಸಲು ಎರಡನೆಯ ದೀಪವೇ ಬೇಕೆಂದಿಲ್ಲ. ನಮ್ಮ ಚಿತ್ರೀಕರಣದವರೆಲ್ಲ ಬಲ್ಲ ಥರ್ಮೊಕೋಲ್ ಹಲಗೆಯೊಂದನ್ನು ಕತ್ತಲೆಯ ಕೆನ್ನೆಯ ಪಕ್ಕದಲ್ಲಿ ಹಿಡಿದರೆ ಮುಖ್ಯ ದೀಪದ ಬೆಳಕೇ ತಿರುಗಿ ಬಂದು ನೆರಳನ್ನು ತುಂಬುವುದು. ಸತ್ಯಜಿತ್ ರಾಯರ 1956ರ ಅಪರಾಜಿತೋ ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೊದೊಳಗೆ ಕಟ್ಟಿದಾಗ, ಸುಬ್ರತ ಮಿತ್ರ ಎಂಬ ತರುಣ ಛಾಯಾಗ್ರಾಹಕರು ಮೇಲೆ ಬಿಳಿಯ ಬಟ್ಟೆಯನ್ನು ಹರಡಿ ದೀಪಗಳನ್ನು ಅದರ ಕಡೆಗೆ ತಿರುಗಿಸಿ, ಹಿಂದಿರುಗಿ ಬಂದ ಬೆಳಕಿನಿಂದಲೇ ಅಂಗಳದ ಹಗಲನ್ನು ನಿರ್ಮಿಸಿದರು. ಹಲಗೆಯ ಉಪಾಯವೂ ಅದೇ ತತ್ತ್ವದ ಕಿರಿಯ ರೂಪ. ಬೆಳಗಿದ ಕೆನ್ನೆಗೂ ನೆರಳಿನ ಕೆನ್ನೆಗೂ ಇರುವ ಅಂತರವನ್ನು ಅನುಪಾತದಿಂದ ಹೇಳುವರು: ಎರಡಕ್ಕೆ ಒಂದು ಎಂದರೆ ಸೌಮ್ಯ, ನಾಲ್ಕಕ್ಕೆ ಒಂದು ಎಂದರೆ ಗಂಭೀರ, ಎಂಟಕ್ಕೆ ಒಂದು ಎಂದರೆ ನಾಟಕ. ಈ ಲೇಖಕನ ಬಾಲ್ಯದ ಊರಿನ ಸ್ಟುಡಿಯೊವೊಂದರಲ್ಲಿ ಕುರ್ಚಿಯ ಎಡಬಲಗಳಲ್ಲಿ ಸಮದೂರದಲ್ಲಿ, ಸಮಬಲದ ಎರಡು ದೊಡ್ಡ ಬಲ್ಬುಗಳು ದ್ವಾರಪಾಲಕರಂತೆ ಖಾಯಮಾಗಿ ನಿಂತಿದ್ದುವು. ಆ ಊರಿನ ಎರಡು ತಲೆಮಾರಿನ ಮದುಮಕ್ಕಳೆಲ್ಲರ ಮೂಗಿನ ಇಕ್ಕೆಲಗಳಲ್ಲಿಯೂ ಒಂದೊಂದು ನೆರಳು ಮೀಸೆಯಂತೆ ಬಿದ್ದಿರುವುದನ್ನು ಮನೆಮನೆಯ ಗೋಡೆಗಳ ಮೇಲೆ ಇಂದಿಗೂ ನೋಡಬಹುದು. ಸೂರ್ಯನು ಒಬ್ಬನೇ ಆದ್ದರಿಂದ ಎರಡು ನೆರಳುಗಳನ್ನು ಕಣ್ಣು ಒಪ್ಪುವುದಿಲ್ಲ.

ಫ್ಲ್ಯಾಷ್ ದೀಪವನ್ನು ಬಳಸುವವರಿಗೆ ಲೆಕ್ಕವು ಸ್ವಲ್ಪ ಬೇರೆ. ಆ ಬೆಳಕು ಸೆಕೆಂಡಿನ ಸಾವಿರದೊಂದಂಶದ ಆಸುಪಾಸಿನಲ್ಲಿ ಹೊಳೆದು ಮುಗಿದುಹೋಗುವುದರಿಂದ, ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಅದರ ಪ್ರಮಾಣವು ವ್ಯತ್ಯಾಸವಾಗದು. ಅದನ್ನು ನಿಯಮಿಸುವುದು ಲೆನ್ಸಿನ ರಂಧ್ರ, ದೀಪದ ಶಕ್ತಿ ಮತ್ತು ದೂರ. ಷಟರಿನ ವೇಗವು ಕೋಣೆಯ ಇತರ ಬೆಳಕನ್ನು ಮಾತ್ರ ಆಳುವುದು. ಆದುದರಿಂದ ಐಎಸ್ಒ 100, ರಂಧ್ರ ಎಫ್ 8, ವೇಗ 1/125 ಸೆಕೆಂಡು ಎಂದಿಟ್ಟುಕೊಂಡು, ಮೊದಲು ಫ್ಲ್ಯಾಷನ್ನು ಹೊತ್ತಿಸದೆಯೇ ಒಂದು ಚಿತ್ರವನ್ನು ತೆಗೆಯಬೇಕು. ಅದು ಕಗ್ಗತ್ತಲೆಯಾಗಿ ಬಂದರೆ ಕೋಣೆಯು ಸಿದ್ಧವಾಯಿತು. ಇನ್ನು ಮುಂದೆ ಚಿತ್ರದಲ್ಲಿ ಕಾಣುವುದೆಲ್ಲವೂ ತಾನಿಟ್ಟ ದೀಪದ್ದೇ. ವೇಗವನ್ನು 1/250ಕ್ಕಿಂತ ಬಹಳ ಮೇಲಕ್ಕೆ ಒಯ್ದರೆ ಅನೇಕ ಕ್ಯಾಮೆರಾಗಳಲ್ಲಿ ಷಟರು ಒಮ್ಮೆಗೇ ಪೂರ್ತಿ ತೆರೆದಿರುವ ಕ್ಷಣವೇ ಇಲ್ಲದೆ, ಫ್ಲ್ಯಾಷು ಹೊಳೆದಾಗ ಅದರ ಪರದೆಯು ಒಂದಂಶವನ್ನು ಮರೆಮಾಡಿದ್ದು, ಚಿತ್ರದ ಒಂದು ಭಾಗದಲ್ಲಿ ಕಪ್ಪು ಪಟ್ಟಿ ಬೀಳುವುದು. ಕ್ಯಾಮೆರಾ ಕೆಟ್ಟಿತೆಂದು ರಿಪೇರಿಯವರ ಬಳಿಗೆ ಓಡುವ ಅಗತ್ಯವಿಲ್ಲ. ಫ್ಲ್ಯಾಷಿನ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು: ವಿದ್ಯುತ್ತಿನ ಸಂಪರ್ಕ ತಪ್ಪಿಸಿದ ಮೇಲೂ ಅದರ ಕೆಪಾಸಿಟರಿನಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಸಂಚಿತವಾಗಿರುವುದುಂಟು. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲವನ್ನು ಹೇರುವುದನ್ನೂ ಮರೆಯಬಾರದು.

ಮೈಬಣ್ಣದ ವಿಷಯದಲ್ಲಿ ವಿದೇಶದ ಕೈಪಿಡಿಗಳನ್ನು ಕಣ್ಣುಮುಚ್ಚಿ ಅನುಸರಿಸಲಾಗದು. ವರ್ಣಚಿತ್ರದ ಫಿಲ್ಮುಗಳ ಕಾಲದಲ್ಲಿ ಮುದ್ರಣದ ಬಣ್ಣಗಳನ್ನು ಸರಿದೂಗಿಸಲು ಪ್ರಯೋಗಶಾಲೆಗಳು ಬಳಸುತ್ತಿದ್ದ ಶರ್ಲಿ ಕಾರ್ಡಿನಲ್ಲಿ ಬಹುಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖವೇ. ಎದುರಿನ ವಸ್ತುವಿನಿಂದ ಪ್ರತಿಫಲಿಸಿದ ಬೆಳಕನ್ನು ಅಳೆಯುವ ಮೀಟರಾದರೋ ಸಮಸ್ತ ವಸ್ತುಗಳನ್ನೂ ಮಧ್ಯಮ ಬೂದುಬಣ್ಣಕ್ಕೆ ತರಲು ಯತ್ನಿಸುವುದಾದ್ದರಿಂದ, ಎಣ್ಣೆಗಪ್ಪಿನ ಮುಖವನ್ನು ಬೆಳ್ಳಗಾಗಿಸಿ ಸಪ್ಪೆಮಾಡುವುದು. ಮುಖದ ಬಳಿ ಹಿಡಿದು ಬೀಳುವ ಬೆಳಕನ್ನೇ ಅಳೆಯುವ ಮೀಟರು ಈ ದೋಷಕ್ಕೆ ಒಳಗಾಗುವುದಿಲ್ಲ. ಕಪ್ಪು ಚರ್ಮದ ರೂಪವು ಅದರ ಹೊಳಪಿನಲ್ಲಿ ಇರುತ್ತದೆ. ದೊಡ್ಡದಾದ, ಪಕ್ಕದಿಂದ ಬರುವ ಬೆಳಕು ಆ ಹೊಳಪನ್ನು ಹಣೆ, ಕೆನ್ನೆ, ಮೂಗಿನ ದಂಡೆಗಳ ಮೇಲೆ ಉದ್ದಕ್ಕೆ ಹರಿಸಿದಾಗ ಮುಖವು ಹೊಯ್ಸಳ ಶಿಲ್ಪದ ನುಣ್ಣನೆಯ ಕಲ್ಲಿನಂತೆ ತುಂಬಿ ಬರುವುದು. ‘ಸ್ವಲ್ಪ ಬೆಳ್ಳಗೆ ಬರಲಿ ಸ್ವಾಮಿ’ ಎಂದು ಗಿರಾಕಿಗಳು ಕೇಳುವುದೂ, ಸ್ಟುಡಿಯೊದವರು ಬೆಳಕನ್ನು ಸುರಿದು ಕಣ್ಣು ಮೂಗುಗಳನ್ನು ಅಳಿಸಿಹಾಕುವುದೂ ನಮ್ಮಲ್ಲಿ ಹಳೆಯ ರೂಢಿ. ಈ ರೂಢಿಗೆ ಬಲಿಯಾದಷ್ಟು ಒಳ್ಳೆಯ ಮುಖಗಳು ಕೆಟ್ಟ ಲೆನ್ಸಿಗೂ ಬಲಿಯಾಗಿಲ್ಲ. ಜರಿಯ ಸೆರಗು, ಮೂಗುಬೊಟ್ಟು, ಕನ್ನಡಕ ಇವು ಕನ್ನಡಿಯ ಜಾತಿಯವು. ಬೆಳಕು ಬಿದ್ದ ಕೋನದಲ್ಲಿಯೇ ತಿರುಗಿ ಸಿಡಿಯುವುವು. ಕನ್ನಡಕದಲ್ಲಿ ಸಾಫ್ಟ್‌ಬಾಕ್ಸಿನ ಬಿಳಿ ಚೌಕವು ಕಣ್ಣನ್ನು ಮುಚ್ಚಿದರೆ ದೀಪವನ್ನು ಇನ್ನಷ್ಟು ಎತ್ತರಿಸಿ, ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಮೇಲೆತ್ತಿದರೆ ಗಾಜು ಕೆಳಮುಖವಾಗಿ, ಪ್ರತಿಬಿಂಬವು ನೆಲದ ಕಡೆಗೆ ಜಾರಿಹೋಗುವುದು.

ಕೂದಲಿನ ಅಂಚನ್ನು ಹಿಂದಿನಿಂದ ಬೆಳಗುವ ದೀಪ, ಹಿನ್ನೆಲೆಯ ದೀಪ, ಬೆಳಕನ್ನು ಜೇನುಗೂಡಿನಂಥ ಜಾಲರಿಯಿಂದ ಕಟ್ಟುಮಾಡುವುದು, ಬಣ್ಣದ ಹಾಳೆಗಳು ಮೊದಲಾದವು ಎರಡನೆಯ ವರ್ಷದ ವಿಷಯಗಳು. ಎಷ್ಟು ಕಡಿಮೆ ಸಾಧನಗಳಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತ ವಿ. ಕೆ. ಮೂರ್ತಿಯವರು ಸಾಕ್ಷಿ. 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೊವನ್ನು ಭೇದಿಸಿ ಇಳಿಯುವ ಪ್ರಸಿದ್ಧವಾದ ಬೆಳಕಿನ ಕೋಲನ್ನು ಅವರು ಪಡೆದದ್ದು ಯಾವ ದೀಪದಿಂದಲೂ ಅಲ್ಲ; ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಿಂದ ಹಿಡಿದು, ಇನ್ನೊಂದು ಕನ್ನಡಿಯಿಂದ ಒಳಕ್ಕೆ ತಿರುಗಿಸಿದ್ದರಿಂದ. ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ.

ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಈ ವಿದ್ಯೆಯನ್ನು ಕಲಿಯುವ ಹುಡುಗರು ಬಹುಮಟ್ಟಿಗೆ ಕಲಿಯುವುದು ಬಸ್ ನಿಲ್ದಾಣದ ಎದುರಿನ ಸ್ಟುಡಿಯೊಗಳಲ್ಲಿಯೇ. ಅಲ್ಲಿ ದಿನದ ಅನ್ನವನ್ನು ದುಡಿದುಕೊಡುವುದು ಪಾಸ್‌ಪೋರ್ಟು ಅಳತೆಯ ಚಿತ್ರ. ಅದಕ್ಕೆ ಬಿಳಿಯ ಹಿನ್ನೆಲೆಯಿರಬೇಕು, ಮುಖದ ಮೇಲೆ ನೆರಳು ಬೀಳಕೂಡದು ಎಂಬುದು ಸರ್ಕಾರದ ಕಟ್ಟಳೆ. ಆದಕಾರಣ ಹಗಲೆಲ್ಲ ಎರಡು ಕೊಡೆಗಳನ್ನು ಸಮಸಮನಾಗಿ ನಿಲ್ಲಿಸಿ ನೆರಳನ್ನು ಅಟ್ಟುತ್ತಿದ್ದ ಹುಡುಗನು, ರಾತ್ರಿ ಮಾಲೀಕನು ಮನೆಗೆ ಹೋದ ಮೇಲೆ ರೋಲಿಂಗ್ ಷಟರನ್ನು ಅರ್ಧಕ್ಕೆ ಎಳೆದು, ಒಂದು ಕೊಡೆಯನ್ನು ಆರಿಸಿ, ಪಕ್ಕದ ಹೂವಿನಂಗಡಿಯ ಅಜ್ಜನನ್ನು ಸ್ಟೂಲಿನ ಮೇಲೆ ಕೂರಿಸಿ, ‘ಅಜ್ಜಾ, ಗಲ್ಲ ಚೂರು ಈ ಕಡೆ’ ಎನ್ನುತ್ತ ಕೆನ್ನೆಯ ಮೇಲಿನ ಆ ತ್ರಿಕೋನವನ್ನು ಹುಡುಕತೊಡಗುತ್ತಾನೆ.